ವೆಬ್‌ಹುಕ್: ಬಾಗಿಲಲ್ಲಿ ಸಹಿ ನೋಡಿ, ಕೆಲಸ ಒಳಗೆ ಮಾಡಿ

ಒಂದು ಪುಸ್ತಕದಂಗಡಿ ತನ್ನ ವೆಬ್‌ಸೈಟಿನಲ್ಲೇ ಆರ್ಡರ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಗಿರಾಕಿ ಯುಪಿಐನಲ್ಲಿ 500 ರೂಪಾಯಿ ಕಟ್ಟುತ್ತಾರೆ, ಆ್ಯಪ್‌ನಲ್ಲಿ ಹಸಿರು ಟಿಕ್ ಕಾಣುತ್ತದೆ, ಫೋನು ಜೇಬಿಗೆ ಹೋಗುತ್ತದೆ. ಬ್ರೌಸರ್ ಅಂಗಡಿಯ ಪುಟಕ್ಕೆ ವಾಪಸ್ ಬರಲೇ ಇಲ್ಲ. ದುಡ್ಡು ಬಂದಿದೆ, ಡೇಟಾಬೇಸಿನಲ್ಲಿ ಮಾತ್ರ ಆರ್ಡರ್ ‘ಪಾವತಿ ಬಾಕಿ’ ಎಂದೇ ಕೂತಿದೆ. ಮರುದಿನ ಬೆಳಿಗ್ಗೆ ‘ನನ್ನ ಪುಸ್ತಕ ಕಳಿಸಿದ್ರಾ?’ ಎಂದು ಫೋನು.

ಇದಕ್ಕೆ ಪರಿಹಾರ ವೆಬ್‌ಹುಕ್. ಪಾವತಿ ಆದ ಕೂಡಲೇ ಪೇಮೆಂಟ್ ಗೇಟ್‌ವೇಯ (ಗಿರಾಕಿಯ ಹಣವನ್ನು ಅಂಗಡಿಗೆ ತಲುಪಿಸುವ ಸೇವೆ) ಸರ್ವರ್ ನೇರವಾಗಿ ನಿಮ್ಮ ಸರ್ವರ್‌ನ ಒಂದು ಯುಆರ್‌ಎಲ್‌ಗೆ ಎಚ್‌ಟಿಟಿಪಿ ಪೋಸ್ಟ್ (ಡೇಟಾ ಹೊತ್ತ ವೆಬ್ ಸಂದೇಶ) ಕಳಿಸಿ, ಇಂಥ ಆರ್ಡರ್‌ಗೆ ಇಷ್ಟು ಹಣ ಜಮಾ ಆಗಿದೆ ಎಂದು ತಿಳಿಸುತ್ತದೆ. ಗಿರಾಕಿಯ ಬ್ರೌಸರ್ ನಡುವೆ ಬರುವುದೇ ಇಲ್ಲ. ಅಲ್ಲಿಂದ ಮುಂದಿನ ಕೆಲಸಗಳನ್ನು ಒಂದಕ್ಕೊಂದು ಪೋಣಿಸಬಹುದು: ಬಿಲ್ ತಯಾರಿ, ಸ್ಟಾಕಿನಲ್ಲಿ ಒಂದು ಪ್ರತಿ ಕಡಿತ, ಪ್ಯಾಕಿಂಗ್ ಚೀಟಿ, ಗಿರಾಕಿಗೆ ವಾಟ್ಸ್ಆ್ಯಪ್ ಸಂದೇಶ. ಇದಕ್ಕೆ ವೆಬ್‌ಹುಕ್ ಎಂದು 2007ರಲ್ಲಿ ಹೆಸರಿಟ್ಟವರು ಜೆಫ್ ಲಿಂಡ್ಸೆ. ತಂತ್ರ ಬಹಳ ಸರಳ. ಸರಳ ಆಗಿರುವುದರಿಂದಲೇ ಅನೇಕರು ಇದನ್ನು ಊಟಕ್ಕೆ ಮುಂಚೆ ಬರೆದು, ಊಟ ಆದಮೇಲೆ ಲೈವ್ ಮಾಡಿಬಿಡುತ್ತಾರೆ.

ಆದರೆ ಆ ಯುಆರ್‌ಎಲ್ ಇಡೀ ಇಂಟರ್‌ನೆಟ್‌ಗೆ ತೆರೆದಿದೆ. ಗೇಟ್‌ವೇ ಕಳಿಸುವಂಥದ್ದೇ ಜೇಸನ್ (ಡೇಟಾ ಬರೆಯುವ ಒಂದು ಪಠ್ಯ ರೂಪ) ತುಣುಕನ್ನು ಯಾರು ಬೇಕಾದರೂ ಟೈಪ್ ಮಾಡಿ ಅಲ್ಲಿಗೆ ಪೋಸ್ಟ್ ಮಾಡಬಹುದು. ನಿಮ್ಮ ಕೋಡ್ ಅದನ್ನು ನಂಬಿದರೆ ಪುಸ್ತಕ ಪುಕ್ಕಟೆಯಾಗಿ ಹೋಗುತ್ತದೆ. ಹಾಗಾಗಿ ಕೆಳಗಿನ ಹಂತಗಳೆಲ್ಲ ಒಂದೇ ನಿಯಮದ ಸುತ್ತ ಇವೆ: ವೆಬ್‌ಹುಕ್ ಬಂದು ಬೀಳುವ ಜಾಗದಲ್ಲಿ ಮೂರೇ ಕೆಲಸ ನಡೆಯಬೇಕು. ಸಹಿ ಪರೀಕ್ಷಿಸುವುದು, ಬಂದದ್ದನ್ನು ಬರೆದಿಡುವುದು, ‘ತಲುಪಿತು’ ಎಂದು ಉತ್ತರಿಸುವುದು. ಬಿಲ್ಲು, ಸಂದೇಶ, ಡಿಪ್ಲಾಯ್ (ಹೊಸ ಕೋಡನ್ನು ಸರ್ವರ್‌ಗೆ ಹಾಕುವುದು) ಇತ್ಯಾದಿ ಏನಿದ್ದರೂ ಆಮೇಲೆ, ಬೇರೆ ಕಡೆ.

ಮುಖ್ಯ ಉದಾಹರಣೆಗೆ ಬೆಂಗಳೂರಿನ ಪೇಮೆಂಟ್ ಗೇಟ್‌ವೇ ರೇಜರ್‌ಪೇಯನ್ನು ತೆಗೆದುಕೊಳ್ಳುತ್ತೇನೆ, ನಮ್ಮ ಕಡೆಯ ಸಣ್ಣ ಅಂಗಡಿಗಳಿಗೂ ಅದು ಪರಿಚಿತ. ಅಲ್ಲಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್, ಇನ್ನೊಂದು ಗೇಟ್‌ವೇ ಸ್ಟ್ರೈಪ್ ಬರುತ್ತವೆ.

ಹಂತ 1: ಯುಆರ್‌ಎಲ್ ಮತ್ತು ಸೀಕ್ರೆಟ್

ರೇಜರ್‌ಪೇ ಡ್ಯಾಶ್‌ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ವೆಬ್‌ಹುಕ್ ಸೇರಿಸುವಾಗ ನಾಲ್ಕು ಸಂಗತಿ ಕೇಳುತ್ತದೆ: ಯುಆರ್‌ಎಲ್, ಸೀಕ್ರೆಟ್ (ನಿಮಗೂ ಅವರಿಗೂ ಮಾತ್ರ ಗೊತ್ತಿರುವ ಗುಟ್ಟಿನ ಪದ), ಎಚ್ಚರಿಕೆ ಕಳಿಸಬೇಕಾದ ಇಮೇಲ್, ಯಾವ ಯಾವ ಘಟನೆಗಳು ಬೇಕು ಎಂಬ ಪಟ್ಟಿ. ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಹಾಕಬೇಡಿ. ಪುಸ್ತಕದಂಗಡಿಗೆ ‘ಪೇಮೆಂಟ್ ಡಾಟ್ ಕ್ಯಾಪ್ಚರ್ಡ್’ (ಪಾವತಿ ಪೂರ್ತಿಯಾಯಿತು) ಸಾಕು, ಬೇಕಿದ್ದರೆ ‘ಪೇಮೆಂಟ್ ಡಾಟ್ ಫೇಲ್ಡ್’. ಬೇಡದ ಘಟನೆ ಬಂದಷ್ಟೂ ಲಾಗ್ ತುಂಬುತ್ತದೆ, ಗೊಂದಲ ಹೆಚ್ಚುತ್ತದೆ.

ಸೀಕ್ರೆಟ್ ಜಾಗದಲ್ಲಿ ಅಂಗಡಿಯ ಹೆಸರಿನ ಮುಂದೆ 123 ಸೇರಿಸಿ ಬಿಡುವವರಿದ್ದಾರೆ. ಓಪನ್‌ಎಸ್‌ಎಸ್‌ಎಲ್‌ನ ರ‍್ಯಾಂಡ್ ಆದೇಶಕ್ಕೆ ಹೆಕ್ಸ್ ಆಯ್ಕೆಯ ಜೊತೆ 32 ಎಂದು ಕೊಡಿ, 64 ಅಕ್ಷರಗಳ ಸಾಲೊಂದು ಬರುತ್ತದೆ, ಅದನ್ನೇ ಹಾಕಿ. ಅದು ಇರಬೇಕಾದ ಜಾಗ ಎನ್ವಿರಾನ್‌ಮೆಂಟ್ ವೇರಿಯಬಲ್ ಅಥವಾ ಸೀಕ್ರೆಟ್ ಮ್ಯಾನೇಜರ್, ಗಿಟ್ ರೆಪೊ ಅಲ್ಲ. ಟೆಸ್ಟ್ ಮೋಡ್‌ಗೆ ಒಂದು, ಲೈವ್‌ಗೆ ಇನ್ನೊಂದು. ಇದು ಎಪಿಐ ಕೀ ಜೊತೆ ಬರುವ ಸೀಕ್ರೆಟ್ ಅಲ್ಲ ಎನ್ನುವುದನ್ನು ನೆನಪಿಡಿ. ‘ಸಹಿ ಹೊಂದುತ್ತಿಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ: ಎಪಿಐ ಸೀಕ್ರೆಟ್ಟನ್ನು ವೆಬ್‌ಹುಕ್ ಸೀಕ್ರೆಟ್ ಜಾಗಕ್ಕೆ ಅಂಟಿಸಿರುತ್ತಾರೆ.

ಯುಆರ್‌ಎಲ್ ಎಚ್‌ಟಿಟಿಪಿಎಸ್ ಆಗಿರಲಿ. ಅದರ ಬಾಲಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಟೋಕನ್ ಸೇರಿಸುವ ಹಳೇ ಉಪಾಯ ಬೇಡ. ಎನ್‌ಜಿನ್‌ಎಕ್ಸ್‌ ಎಂಬ ವೆಬ್ ಸರ್ವರ್‌ನ ಆ್ಯಕ್ಸೆಸ್ ಲಾಗ್ ಪೂರ್ತಿ ಯುಆರ್‌ಎಲ್ ಬರೆದಿಡುತ್ತದೆ, ಲಾಗ್ ನೋಡಬಲ್ಲವರಿಗೆಲ್ಲ ಟೋಕನ್ ಸಿಕ್ಕಂತಾಯಿತು. ಕೊನೆಯ ಸ್ಲ್ಯಾಷ್ ಕಡೆಯೂ ಗಮನವಿರಲಿ. ಸ್ಲ್ಯಾಷ್ ಇಲ್ಲದ ವಿಳಾಸವನ್ನು ಸ್ಲ್ಯಾಷ್ ಇರುವ ವಿಳಾಸಕ್ಕೆ ಕೆಲವು ಫ್ರೇಮ್‌ವರ್ಕ್‌ಗಳು ತಾವಾಗಿಯೇ ರಿಡೈರೆಕ್ಟ್ ಮಾಡುತ್ತವೆ. ಕಳಿಸುವವರ ಲೆಕ್ಕದಲ್ಲಿ 200ರ ಸರಣಿಯ ಉತ್ತರ ಬಂದರೆ ಮಾತ್ರ ತಲುಪಿದ ಹಾಗೆ, 301 ಎಂದರೆ ಸೋಲು.

ಜ್ಯಾಂಗೊ, ಲಾರಾವೆಲ್, ರೇಲ್ಸ್ ಫ್ರೇಮ್‌ವರ್ಕ್ ಬಳಸುವವರಿಗೆ ಇನ್ನೊಂದು ಅಡ್ಡಿ ಇದೆ. ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ಮ ಸೈಟಿನಿಂದಲೇ ಬಂತೆಂದು ತೋರಿಸುವ ಗುರುತು) ಇಲ್ಲದ ಪೋಸ್ಟ್‌ಗಳನ್ನು ಇವು ತಡೆಯುತ್ತವೆ, ಗೇಟ್‌ವೇ ಬಳಿ ಆ ಟೋಕನ್ ಇರುವುದಿಲ್ಲ. ಈ ಒಂದು ದಾರಿಗೆ ಮಾತ್ರ ವಿನಾಯಿತಿ ಕೊಡಿ. ಕೆಲಸ ಬೇಗ ಆಗಲಿ ಎಂದು ಇಡೀ ಸೈಟಿನ ರಕ್ಷಣೆ ತೆಗೆದುಹಾಕಿದರೆ ಒಂದು ಕಿಂಡಿ ಮುಚ್ಚಲು ಹೋಗಿ ಹತ್ತು ತೆರೆದ ಹಾಗೆ.

ಹಂತ 2: ಸಹಿ ಪರೀಕ್ಷೆ

ಲೇಖನದ ಜೀವ ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಕಳಿಸುವವರ ಬಳಿಯೂ ನಿಮ್ಮ ಬಳಿಯೂ ಒಂದೇ ಸೀಕ್ರೆಟ್ ಇದೆ. ಅವರು ಸಂದೇಶದ ಬಾಡಿ (ಒಳಗಿನ ಡೇಟಾ) ಮತ್ತು ಸೀಕ್ರೆಟ್ ಎರಡನ್ನೂ ಎಚ್‌ಮ್ಯಾಕ್ ಎಂಬ ಲೆಕ್ಕಕ್ಕೆ ಹಾಕಿ, ಎಸ್‌ಎಚ್‌ಎ-256 ಹ್ಯಾಶ್ (ಡೇಟಾದ ಬೆರಳಚ್ಚಿನಂಥ ಸಂಕೇತ) ತೆಗೆದು, ಬಂದ 64 ಹೆಕ್ಸ್ ಅಕ್ಷರಗಳನ್ನು ಹೆಡರ್‌ನಲ್ಲಿ (ಬಾಡಿಯ ಹೊರಗೆ ಬರುವ ಸಾಲು) ಕಳಿಸುತ್ತಾರೆ. ರೇಜರ್‌ಪೇಯಲ್ಲಿ ಆ ಹೆಡರ್ ‘ಎಕ್ಸ್-ರೇಜರ್‌ಪೇ-ಸಿಗ್ನೇಚರ್’, ಗಿಟ್‌ಹಬ್‌ನಲ್ಲಿ ‘ಎಕ್ಸ್-ಹಬ್-ಸಿಗ್ನೇಚರ್-256’. ನೀವೂ ಅದೇ ಲೆಕ್ಕ ಮಾಡಿ ಎರಡನ್ನೂ ಹೋಲಿಸುತ್ತೀರಿ. ಸೀಕ್ರೆಟ್ ಗೊತ್ತಿಲ್ಲದವರಿಗೆ ಈ ಸಹಿ ತಯಾರಿಸಲಾಗದು, ದಾರಿಯಲ್ಲಿ ಒಂದು ಬೈಟ್ ಬದಲಾದರೂ ಸಹಿ ಹೊಂದದು. ಎಚ್‌ಮ್ಯಾಕ್ ಹೊಸದೇನಲ್ಲ, 1997ರ ಆರ್‌ಎಫ್‌ಸಿ 2104ರಲ್ಲೇ ಇದರ ವಿವರಣೆ ಇದೆ.

ಎಡವುವುದು ‘ಬಾಡಿ’ ಎಂದರೇನು ಎನ್ನುವಲ್ಲಿ. ಸಹಿ ಹಾಕಿರುವುದು ತಂತಿಯ ಮೇಲೆ ಬಂದ ಕಚ್ಚಾ ಬೈಟುಗಳಿಗೆ. ನಿಮ್ಮ ಫ್ರೇಮ್‌ವರ್ಕ್ ಅದನ್ನು ಪಾರ್ಸ್ ಮಾಡಿ (ಬಿಡಿಸಿ ಓದಿ) ಆಬ್ಜೆಕ್ಟ್ ಮಾಡಿಕೊಟ್ಟಿರುತ್ತದೆ. ಆ ಆಬ್ಜೆಕ್ಟನ್ನು ಮತ್ತೆ ಜೇಸನ್ ಮಾಡಿ ಹ್ಯಾಶ್ ತೆಗೆದರೆ ಕೋಲನ್ ಆದಮೇಲೆ ಒಂದು ಖಾಲಿ ಜಾಗ ಹೆಚ್ಚಾಗಿರಬಹುದು, ಅಷ್ಟು ಸಾಕು ಸಹಿ ಕೆಡಲು.

ಕನ್ನಡದಲ್ಲಿ ವ್ಯವಹಾರ ಮಾಡುವ ಸೈಟುಗಳಿಗೆ ಇದು ಇನ್ನೂ ವಿಚಿತ್ರವಾಗಿ ಕಾಡುತ್ತದೆ. ಆರ್ಡರ್‌ನ ‘ನೋಟ್ಸ್’ ಭಾಗದಲ್ಲಿ ಪುಸ್ತಕದ ಹೆಸರನ್ನೋ ಊರಿನ ಹೆಸರನ್ನೋ ಕನ್ನಡದಲ್ಲೇ ಇಟ್ಟಿದ್ದೀರಿ ಎನ್ನಿ. ‘ಮ’ ಎಂಬ ಒಂದು ಅಕ್ಷರ ಯುಟಿಎಫ್-8ರಲ್ಲಿ 3 ಬೈಟ್. ಪೈಥಾನ್‌ನ ಜೇಸನ್ ಡಂಪ್ಸ್ ಆಗಲಿ ಪಿಎಚ್‌ಪಿಯ ಜೇಸನ್ ಎನ್‌ಕೋಡ್ ಆಗಲಿ, ನೀವು ಬೇರೆ ಹೇಳದಿದ್ದರೆ, ಅದನ್ನು ಬ್ಯಾಕ್‌ಸ್ಲ್ಯಾಷ್‌ನಿಂದ ಶುರುವಾಗುವ 6 ಅಕ್ಷರಗಳ ಎಸ್ಕೇಪ್ ಸಂಕೇತವಾಗಿ ಬರೆಯುತ್ತವೆ. ಪಿಎಚ್‌ಪಿ ಸ್ಲ್ಯಾಷ್ ಚಿಹ್ನೆಯ ಮುಂದೆಯೂ ಒಂದು ಬ್ಯಾಕ್‌ಸ್ಲ್ಯಾಷ್ ಸೇರಿಸುತ್ತದೆ. ಕಳಿಸಿದವರು ಬರೆದ ರೂಪ ಬೇರೆಯಾಗಿದ್ದರೆ ಮುಗಿಯಿತು. ಪರಿಣಾಮ ಏನೆಂದರೆ, ಇಂಗ್ಲಿಷ್‌ನಲ್ಲಿ ಮಾಡಿದ ಟೆಸ್ಟ್ ಆರ್ಡರ್‌ಗಳೆಲ್ಲ ಪಾಸ್, ‘ಮೈಸೂರು’ ಎಂದು ಬರೆದ ಮೊದಲ ನಿಜವಾದ ಆರ್ಡರ್ ಫೇಲ್. ಕಾರಣ ಗೊತ್ತಿಲ್ಲದವರು ಅಂದು ಸಂಜೆಯೆಲ್ಲ ಸೀಕ್ರೆಟ್ ಬದಲಿಸುತ್ತ ಕೂರುತ್ತಾರೆ.

ಹಾಗಾಗಿ ಮೊದಲು ಕಚ್ಚಾ ಬಾಡಿ ಹಿಡಿದುಕೊಳ್ಳಿ, ಸಹಿ ನೋಡಿ, ಆಮೇಲೆ ಪಾರ್ಸ್ ಮಾಡಿ. ಎಕ್ಸ್‌ಪ್ರೆಸ್‌ನಲ್ಲಾದರೆ ಈ ದಾರಿಗೆ ಜೇಸನ್ ಮಿಡಲ್‌ವೇರ್ ಬದಲು ರಾ ಮಿಡಲ್‌ವೇರ್ ಹಾಕಬೇಕು, ಅದೂ ಆ್ಯಪ್ ಮಟ್ಟದ ಜೇಸನ್ ಪಾರ್ಸರ್‌ಗಿಂತ ಮೇಲೆ. ಜ್ಯಾಂಗೊ, ಫ್ಲಾಸ್ಕ್‌ಗಳಲ್ಲಿ ರಿಕ್ವೆಸ್ಟ್‌ನಿಂದಲೇ ಬೈಟ್ ರೂಪದ ಬಾಡಿ ಸಿಗುತ್ತದೆ. ಪಿಎಚ್‌ಪಿಯಲ್ಲಿ ಇನ್‌ಪುಟ್ ಸ್ಟ್ರೀಮ್ ಓದಿ.

ಎರಡು ಸಹಿಗಳನ್ನು ಹೋಲಿಸಲು ಮಾಮೂಲಿ ‘ಸಮ’ ಚಿಹ್ನೆ ಬೇಡ. ಅದು ಮೊದಲ ವ್ಯತ್ಯಾಸ ಕಂಡಲ್ಲೇ ನಿಂತುಬಿಡುತ್ತದೆ, ಹಿಡಿದ ಸಮಯ ಅಳೆದು ಎಷ್ಟು ಅಕ್ಷರ ಸರಿ ಬಂತೆಂದು ಊಹಿಸುವ ಅವಕಾಶ ಉಳಿಯುತ್ತದೆ. ಪೈಥಾನ್‌ನ ಎಚ್‌ಮ್ಯಾಕ್ ಮಾಡ್ಯೂಲ್‌ನಲ್ಲಿ ಕಂಪೇರ್ ಡೈಜೆಸ್ಟ್, ಪಿಎಚ್‌ಪಿಯಲ್ಲಿ ಹ್ಯಾಶ್ ಈಕ್ವಲ್ಸ್, ನೋಡ್‌ನ ಕ್ರಿಪ್ಟೊದಲ್ಲಿ ಟೈಮಿಂಗ್ ಸೇಫ್ ಈಕ್ವಲ್ ಎಂಬ ಫಂಕ್ಷನ್‌ಗಳು ಈ ಕೆಲಸಕ್ಕೆಂದೇ ಇವೆ. ನೋಡ್‌ನದ್ದು ಎರಡರ ಉದ್ದ ಬೇರೆಯಾದರೆ ಎರರ್ ಎಸೆಯುತ್ತದೆ, ಆದ್ದರಿಂದ ಮೊದಲು ಉದ್ದ ನೋಡಿಕೊಳ್ಳಿ. ಗಿಟ್‌ಹಬ್ ಸಹಿಯ ಮುಂದೆ ‘ಎಸ್‌ಎಚ್‌ಎ256’ ಮತ್ತು ಸಮ ಚಿಹ್ನೆ ಅಂಟಿಸಿ ಕಳಿಸುತ್ತದೆ, ಹೋಲಿಸುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೆಡರ್ ಇಲ್ಲವೇ ಇಲ್ಲ ಅಂದರೆ? ತಿರಸ್ಕಾರ. ‘ಸಹಿ ಇದ್ದರೆ ಪರೀಕ್ಷಿಸು’ ಎಂದು ಬರೆದ ಕೋಡ್‌ಗೆ ಸಹಿ ಕಳಿಸದೇ ಇದ್ದರಾಯಿತು, ಬಾಗಿಲು ತೆರೆದೇ ಇರುತ್ತದೆ.

ಕಳಿಸುವವರ ಐಪಿ ಪಟ್ಟಿ ಇಟ್ಟುಕೊಂಡು ಫೈರ್‌ವಾಲ್‌ನಲ್ಲಿ ಉಳಿದವರನ್ನು ತಡೆಯುವುದು ಒಳ್ಳೆಯ ಎರಡನೇ ಪದರ. ಗಿಟ್‌ಹಬ್ ತನ್ನ ಮೆಟಾ ಎಪಿಐಯಲ್ಲಿ ಇವನ್ನು ಕೊಡುತ್ತದೆ. ಆದರೆ ಪಟ್ಟಿ ಬದಲಾಗುತ್ತಿರುತ್ತದೆ, ಮತ್ತು ಒಂದೇ ಐಪಿಯಿಂದ ಆ ಸೇವೆಯ ಎಲ್ಲ ಗ್ರಾಹಕರ ವೆಬ್‌ಹುಕ್‌ಗಳೂ ಹೊರಡುತ್ತವೆ. ಅದನ್ನು ಸಹಿಗೆ ಬದಲಿ ಎಂದುಕೊಳ್ಳಬೇಡಿ.

ಹಂತ 3: ಬರೆದಿಟ್ಟು ಬೇಗ ಉತ್ತರಿಸಿ

ರೇಜರ್‌ಪೇ ಉತ್ತರಕ್ಕೆ ಕಾಯುವುದು 5 ಸೆಕೆಂಡ್, ಗಿಟ್‌ಹಬ್ 10, ಆಫೀಸ್ ಚಾಟ್ ಸೇವೆ ಸ್ಲ್ಯಾಕ್ 3. ಇಷ್ಟರೊಳಗೆ ಪಿಡಿಎಫ್ ಬಿಲ್ ಮಾಡಿ, ವಾಟ್ಸ್ಆ್ಯಪ್ ಕಳಿಸಿ, ಕೊರಿಯರ್‌ನವರ ಎಪಿಐ ಕರೆದು ಬರುತ್ತೇನೆಂದರೆ ಆಗದ ಮಾತು. ಕೊರಿಯರ್ ಎಪಿಐ ಒಂದು ದಿನ ನಿಧಾನವಾದರೆ ಗೇಟ್‌ವೇ ‘ತಲುಪಲಿಲ್ಲ’ ಎಂದುಕೊಂಡು ಅದೇ ಸಂದೇಶ ಮತ್ತೆ ಕಳಿಸುತ್ತದೆ. ನಿಮ್ಮ ಕಡೆ ಮೊದಲಿನದೇ ಇನ್ನೂ ನಡೆಯುತ್ತಿರುತ್ತದೆ.

ಇದಕ್ಕೆ ಕಾಫ್ಕಾ, ರ‍್ಯಾಬಿಟ್ ಎಂಕ್ಯೂ ಎಂಬ ಕ್ಯೂ ವ್ಯವಸ್ಥೆಗಳ ಹಿಂದೆ ಓಡಬೇಕಿಲ್ಲ. ದಿನಕ್ಕೆ ನೂರಿನ್ನೂರು ಆರ್ಡರ್ ಬರುವ ಅಂಗಡಿಗೆ ಡೇಟಾಬೇಸಿನ ಒಂದು ಟೇಬಲ್ ಸಾಕು: ಘಟನೆಯ ಐಡಿ, ಬಗೆ, ಕಚ್ಚಾ ಬಾಡಿ, ಬಂದ ಸಮಯ, ಸ್ಥಿತಿ. ಸಹಿ ಸರಿಯಿದ್ದರೆ ಒಂದು ಸಾಲು ಸೇರಿಸಿ, 200 ಎಂದು ಉತ್ತರಿಸಿ. ಹಿಂದೆ ಒಂದು ವರ್ಕರ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ‘ಹೊಸದು’ ಎಂಬ ಸ್ಥಿತಿಯ ಸಾಲುಗಳನ್ನು ಎತ್ತಿಕೊಂಡು ಕೆಲಸ ಮಾಡಲಿ. ಪೋಸ್ಟ್‌ಗ್ರೆಸ್ ಆದರೆ ‘ಸ್ಕಿಪ್ ಲಾಕ್ಡ್’ ಬಳಸಿ ಎರಡು ವರ್ಕರ್‌ಗಳು ಒಂದೇ ಸಾಲಿಗೆ ಕೈಹಾಕದಂತೆ ನೋಡಿಕೊಳ್ಳಬಹುದು.

ಯಾವ ಕೋಡ್‌ನಿಂದ ಉತ್ತರಿಸಬೇಕು ಎಂಬುದರಲ್ಲೂ ಅರ್ಥವಿದೆ. ಸಹಿ ತಪ್ಪಿದರೆ 401 (ಅನುಮತಿ ಇಲ್ಲ), ಜೊತೆಗೆ ವಿವರಣೆ ಕೊಡಬೇಡಿ. ನಿಮ್ಮ ಡೇಟಾಬೇಸೇ ಬಿದ್ದಿದ್ದರೆ 500 ಕೊಡಿ, ರಿಟ್ರೈ (ಮರುಪ್ರಯತ್ನ) ಏರ್ಪಾಡು ಇರುವವರು ಮತ್ತೆ ಕಳಿಸುತ್ತಾರೆ. ನಿಮಗೆ ಬೇಡದ ಬಗೆಯ ಘಟನೆ ಬಂದಿದ್ದರೆ 200 ಹೇಳಿ ಸುಮ್ಮನಾಗಿ, 400 ಕೊಟ್ಟರೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾ ಇರುತ್ತಾರೆ.

ಬಾಡಿಯ ಗಾತ್ರಕ್ಕೆ ಮಿತಿ ಇರಲಿ, ಇಲ್ಲದಿದ್ದರೆ ಯಾರಾದರೂ ದೊಡ್ಡ ಫೈಲ್ ಸುರಿದು ಸರ್ವರ್ ಸುಸ್ತು ಮಾಡಬಹುದು. ಎನ್‌ಜಿನ್‌ಎಕ್ಸ್ ತಾನಾಗಿಯೇ 1 ಎಂಬಿಗೆ ತಡೆಯುತ್ತದೆ. ಗೇಟ್‌ವೇಗೆ ಅದು ಧಾರಾಳ, ಆದರೆ ಗಿಟ್‌ಹಬ್ 25 ಎಂಬಿವರೆಗೆ ಕಳಿಸಬಲ್ಲದು. ದೊಡ್ಡ ಪುಶ್ (ಗಿಟ್‌ಹಬ್‌ಗೆ ಕೋಡ್ ಕಳಿಸುವುದು) ಆದಾಗ ಮಾತ್ರ ಡಿಪ್ಲಾಯ್ ಆಗುತ್ತಿಲ್ಲ ಎನಿಸಿದರೆ ಲಾಗ್‌ನಲ್ಲಿ 413 (ಬಾಡಿ ತೀರಾ ದೊಡ್ಡದು) ಹುಡುಕಿ.

ಹಂತ 4: ಎರಡು ಸಲ ಬಂದರೆ ಒಂದೇ ಸಲ ಮಾಡಿ

ಒಂದೇ ಘಟನೆ ಎರಡು ಸಲ ಬರುವುದು ಸಹಜ, ಅದನ್ನು ದೋಷ ಎಂದುಕೊಳ್ಳಬೇಡಿ. ರೇಜರ್‌ಪೇ ಪ್ರತಿ ಘಟನೆಗೂ ‘ಎಕ್ಸ್-ರೇಜರ್‌ಪೇ-ಇವೆಂಟ್-ಐಡಿ’ ಹೆಡರ್ ಕಳಿಸುತ್ತದೆ, ಗಿಟ್‌ಹಬ್‌ನದ್ದು ‘ಎಕ್ಸ್-ಗಿಟ್‌ಹಬ್-ಡೆಲಿವರಿ’. ಟೇಬಲ್‌ನಲ್ಲಿ ಆ ಐಡಿಗೆ ಯೂನಿಕ್ ನಿರ್ಬಂಧ ಹಾಕಿ. ಎರಡನೇ ಸಲ ಬಂದಾಗ ಸಾಲು ಸೇರುವುದಿಲ್ಲ, ನೀವು 200 ಹೇಳಿ ಕಳಿಸುತ್ತೀರಿ. ‘ಮೊದಲು ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ಎರಡು ಹೆಜ್ಜೆಯಲ್ಲಿ ಬರೆಯಬೇಡಿ. ಒಂದೇ ಕ್ಷಣದಲ್ಲಿ ಎರಡು ಬಂದರೆ ಎರಡಕ್ಕೂ ‘ಇಲ್ಲ’ ಎಂದೇ ಕಾಣುತ್ತದೆ.

ಹೆಚ್ಚಿನ ಟ್ಯುಟೋರಿಯಲ್‌ಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಒಂದು ಸಣ್ಣ ಕಿಂಡಿ ಉಳಿದಿದೆ. ಈ ಐಡಿ ಇರುವುದು ಹೆಡರ್‌ನಲ್ಲಿ, ಸಹಿ ಇರುವುದು ಬಾಡಿಗೆ ಮಾತ್ರ. ಸಹಿ ಇರುವ ಒಂದು ಹಳೇ ಸಂದೇಶ ಹೇಗೋ ಯಾರದೋ ಕೈಗೆ ಸಿಕ್ಕರೆ (ಲಾಗ್ ಸೋರಿತು ಎನ್ನಿ), ಹೆಡರ್‌ನ ಐಡಿ ಬದಲಿಸಿ ಅದನ್ನೇ ಮತ್ತೆ ಕಳಿಸಬಹುದು. ಸಹಿ ಪಾಸ್, ಐಡಿ ಹೊಸದು. ಸ್ಟ್ರೈಪ್‌ನಲ್ಲಿ ಈ ಸಮಸ್ಯೆ ಕಡಿಮೆ, ಅದು ಸಮಯವನ್ನೂ ಬಾಡಿಯ ಜೊತೆ ಸೇರಿಸಿ ಸಹಿ ಹಾಕುತ್ತದೆ. ಅದರ ಲೈಬ್ರರಿಗಳು ನೀವು ಬೇರೆ ಹೇಳದಿದ್ದರೆ 5 ನಿಮಿಷಕ್ಕಿಂತ ಹಳೆಯದನ್ನು ಒಪ್ಪುವುದಿಲ್ಲ. ‘ಸ್ಟ್ಯಾಂಡರ್ಡ್ ವೆಬ್‌ಹುಕ್ಸ್’ ಎಂಬ ಮುಕ್ತ ಮಾನದಂಡ ಐಡಿ, ಸಮಯ, ಬಾಡಿ ಮೂರನ್ನೂ ಸೇರಿಸಿ ಸಹಿ ಮಾಡಿಸುತ್ತದೆ, ನೀವೇ ವೆಬ್‌ಹುಕ್ ಕಳಿಸುವ ಸೇವೆ ಕಟ್ಟುತ್ತಿದ್ದರೆ ಅದನ್ನೇ ಹಿಡಿಯಿರಿ.

ರೇಜರ್‌ಪೇ ಬಾಡಿಯಲ್ಲಿ ಸೃಷ್ಟಿಯಾದ ಸಮಯ ಇದೆಯಲ್ಲ, ಅದನ್ನೇ 5 ನಿಮಿಷದ ಮಿತಿಗೆ ಬಳಸೋಣ ಎಂಬ ಯೋಚನೆ ಬರುತ್ತದೆ. ಬೇಡ. ಅವರ ರಿಟ್ರೈ 24 ಗಂಟೆಯವರೆಗೆ ನಡೆಯುತ್ತದೆ, ನಿಮ್ಮ ಸರ್ವರ್ ಒಂದು ಗಂಟೆ ಬಿದ್ದು ಎದ್ದರೆ ಬರುವ ನಿಜವಾದ ಸಂದೇಶಗಳನ್ನೇ ನೀವು ಎಸೆಯುತ್ತೀರಿ.

ಸರಿಯಾದ ದಾರಿ, ವ್ಯವಹಾರದ ಮಟ್ಟದಲ್ಲೇ ಒಮ್ಮೆ ಮಾತ್ರ ಆಗುವಂತೆ ಕಟ್ಟುವುದು. ಬಾಡಿಯೊಳಗಿನ ಆರ್ಡರ್ ಐಡಿ ಹಿಡಿದು, ‘ಸ್ಥಿತಿ ಬಾಕಿ ಇದ್ದರೆ ಮಾತ್ರ ಪಾವತಿಯಾಗಿದೆ ಎಂದು ಬದಲಿಸು’ ಎಂದು ಒಂದೇ ಅಪ್‌ಡೇಟ್ ಆದೇಶ ಬರೆಯಿರಿ. ಎಷ್ಟು ಸಾಲು ಬದಲಾಯಿತು ಎಂದು ಡೇಟಾಬೇಸ್ ಹೇಳುತ್ತದೆ. 1 ಎಂದರೆ ಮುಂದಿನ ಕೆಲಸಗಳನ್ನು ಕ್ಯೂಗೆ ಹಾಕಿ, 0 ಎಂದರೆ ಈಗಾಗಲೇ ಆಗಿದೆ, ಸುಮ್ಮನಿರಿ. ಸ್ಥಿತಿ ಬದಲಿಸುವುದು ಮತ್ತು ಕ್ಯೂಗೆ ಹಾಕುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿರಲಿ (ಆದರೆ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು), ಇಲ್ಲದಿದ್ದರೆ ನಡುವೆ ವರ್ಕರ್ ಸತ್ತರೆ ಪಾವತಿಯಾದ ಆರ್ಡರ್ ಪ್ಯಾಕಿಂಗ್‌ಗೇ ಹೋಗದೆ ಉಳಿಯುತ್ತದೆ.

ಘಟನೆಗಳು ಕ್ರಮದಲ್ಲೇ ಬರುತ್ತವೆ ಎಂದೂ ನಂಬಬೇಡಿ. ‘ಆಥರೈಸ್ಡ್’ಗಿಂತ (ಬ್ಯಾಂಕ್ ಒಪ್ಪಿಗೆ ಕೊಟ್ಟಿದೆ) ಮೊದಲೇ ‘ಕ್ಯಾಪ್ಚರ್ಡ್’ ಬರಬಹುದು. ಮುಂದೆ ಹೋದ ಸ್ಥಿತಿಯನ್ನು ತಡವಾಗಿ ಬಂದ ಸಂದೇಶ ಹಿಂದಕ್ಕೆ ಎಳೆಯಬಾರದು.

ಹಂತ 5: ಸಂದೇಶ ಹೇಳಿದ್ದನ್ನೆಲ್ಲ ನಂಬಬೇಡಿ

ಸಹಿ ಸರಿಯಿದೆ ಎಂದರೆ ಕಳಿಸಿದವರು ಅವರೇ ಎಂದಷ್ಟೇ ಅರ್ಥ. ಒಳಗಿನ ಮೊತ್ತ ನಿಮ್ಮ ಆರ್ಡರ್‌ಗೆ ಹೊಂದುತ್ತದೆಯೇ ಎಂದು ನೋಡುವ ಕೆಲಸ ನಿಮ್ಮದೇ. ರೇಜರ್‌ಪೇ ಮೊತ್ತವನ್ನು ಪೈಸೆಯಲ್ಲಿ ಕೊಡುತ್ತದೆ, 500 ರೂಪಾಯಿ ಎಂದರೆ 50000. ಮೊತ್ತ, ಕರೆನ್ಸಿ, ಆರ್ಡರ್ ಐಡಿ ಮೂರನ್ನೂ ನಿಮ್ಮ ಟೇಬಲ್ ಜೊತೆ ತಾಳೆ ನೋಡಿ. ದೊಡ್ಡ ಮೊತ್ತದ ಆರ್ಡರ್‌ಗೆ ವರ್ಕರ್ ಒಮ್ಮೆ ಎಪಿಐ ಮೂಲಕ ಆ ಪಾವತಿಯ ಈಗಿನ ಸ್ಥಿತಿ ಕೇಳಿ ಖಚಿತ ಮಾಡಿಕೊಳ್ಳಲಿ. ಅರ್ಧ ಸೆಕೆಂಡಿನ ಕೆಲಸ.

ಗಿಟ್‌ಹಬ್ ಪುಶ್ ಆದಾಗ ಸರ್ವರ್‌ನಲ್ಲಿ ಡಿಪ್ಲಾಯ್ ಮಾಡಿಸುವವರಿಗೆ ಅಪಾಯ ಬೇರೆ ರೂಪದಲ್ಲಿದೆ. ಬ್ರ್ಯಾಂಚ್‌ನ ಹೆಸರು, ಕಮಿಟ್ ಸಂದೇಶ ಎಲ್ಲ ಯಾರೋ ಟೈಪ್ ಮಾಡಿದ್ದು. ಗಿಟ್ ಬ್ರ್ಯಾಂಚ್ ಹೆಸರಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ, ಆದರೆ ಸೆಮಿಕೋಲನ್, ಡಾಲರ್ ಚಿಹ್ನೆ, ಆವರಣ ಎಲ್ಲಕ್ಕೂ ಅವಕಾಶವಿದೆ. ಆ ಹೆಸರನ್ನು ಹಾಗೇ ಶೆಲ್ ಆದೇಶದೊಳಗೆ ಸೇರಿಸಿದರೆ ಹೆಸರೇ ಆದೇಶವಾಗಿ ಓಡುತ್ತದೆ. ಪೇಲೋಡ್‌ನಿಂದ (ಬಂದ ಬಾಡಿಯಿಂದ) ‘ಇದು ಮೇನ್ ಬ್ರ್ಯಾಂಚೇ?’ ಎಂಬ ಒಂದು ಪ್ರಶ್ನೆಗೆ ಉತ್ತರ ತೆಗೆದುಕೊಳ್ಳಿ. ಹೌದಾದರೆ ಮೊದಲೇ ಬರೆದಿಟ್ಟ ಸ್ಕ್ರಿಪ್ಟ್ ಓಡಲಿ, ಪೇಲೋಡ್‌ನ ಒಂದು ಅಕ್ಷರವೂ ಅದರೊಳಗೆ ಹೋಗದಿರಲಿ. ಆ ಸ್ಕ್ರಿಪ್ಟ್ ರೂಟ್ (ಸರ್ವರ್‌ನ ಪೂರ್ಣಾಧಿಕಾರದ ಯೂಸರ್) ಆಗಿ ಓಡಬೇಕಾದ ಅಗತ್ಯವಂತೂ ಇಲ್ಲ, ಒಂದು ಫೋಲ್ಡರ್ ಮೇಲೆ ಮಾತ್ರ ಅಧಿಕಾರ ಇರುವ ಬೇರೆ ಯೂಸರ್ ಮಾಡಿ.

ಕೋಡ್ ಬರೆಯದೆ ಮಾಡುವವರಿಗೆ

ಎನ್8ಎನ್, ಝೇಪಿಯರ್, ಮೇಕ್‌ನಂಥ ಉಪಕರಣಗಳಲ್ಲಿ ವೆಬ್‌ಹುಕ್ ಯುಆರ್‌ಎಲ್ ಒಂದು ಕ್ಲಿಕ್ಕಿಗೆ ಸಿಗುತ್ತದೆ. ಬೇರೇನೂ ಮಾಡದಿದ್ದರೆ ಆ ಉದ್ದನೆಯ ಯುಆರ್‌ಎಲ್ಲೇ ಪಾಸ್‌ವರ್ಡ್. ಅದರ ಸ್ಕ್ರೀನ್‌ಶಾಟ್ ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ಹೋದ ದಿನ ಪಾಸ್‌ವರ್ಡೂ ಹೋಯಿತು. ಎನ್8ಎನ್‌ನ ವೆಬ್‌ಹುಕ್ ನೋಡ್‌ನಲ್ಲಿ ಕಚ್ಚಾ ಬಾಡಿ ಪಡೆಯುವ ಆಯ್ಕೆ ಇದೆ, ಅದನ್ನು ಆನ್ ಮಾಡಿ, ಎಚ್‌ಮ್ಯಾಕ್ ಲೆಕ್ಕ ಹಾಕಿ, ಹೊಂದದಿದ್ದರೆ ಅಲ್ಲೇ ನಿಲ್ಲಿಸಿ. ಅದರಲ್ಲಿ ಟೆಸ್ಟ್ ಯುಆರ್‌ಎಲ್ ಬೇರೆ, ಪ್ರೊಡಕ್ಷನ್ ಯುಆರ್‌ಎಲ್ ಬೇರೆ. ಟೆಸ್ಟಿನದನ್ನು ಗೇಟ್‌ವೇಗೆ ಕೊಟ್ಟು ‘ನಿನ್ನೆ ಕೆಲಸ ಮಾಡ್ತಿತ್ತು’ ಎನ್ನುವುದು ಮಾಮೂಲು. ಸಹಿ ಪರೀಕ್ಷೆ ಕಷ್ಟವಾಗುವ ಉಪಕರಣವಾದರೆ ಮುಂದೆ ನಿಮ್ಮದೇ ಒಂದು ಪುಟ್ಟ ಸರ್ವರ್‌ಲೆಸ್ ಫಂಕ್ಷನ್ ನಿಲ್ಲಿಸಿ. ಅದು ಸಹಿ ನೋಡಿ ಒಳಗೆ ಬಿಡಲಿ, ವರ್ಕ್‌ಫ್ಲೋದ ಯುಆರ್‌ಎಲ್ ಹೊರಗಿನವರಿಗೆ ಕಾಣುವುದೇ ಬೇಡ.

ಹಂತ 6: ಲೈವ್ ಮಾಡುವ ಮೊದಲು ಕೆಡಿಸಿ ನೋಡಿ

ನಿಮ್ಮ ಲ್ಯಾಪ್‌ಟಾಪ್‌ನ ಲೋಕಲ್‌ಹೋಸ್ಟ್‌ಗೆ ಗೇಟ್‌ವೇ ತಲುಪಲಾರದು. ಎನ್‌ಗ್ರಾಕ್ ಅಥವಾ ಕ್ಲೌಡ್‌ಫ್ಲೇರ್ ಟನೆಲ್ ಹಾಕಿ ತಾತ್ಕಾಲಿಕ ಎಚ್‌ಟಿಟಿಪಿಎಸ್ ವಿಳಾಸ ಪಡೆಯಿರಿ, ಟೆಸ್ಟ್ ಮೋಡ್‌ನಲ್ಲಿ ಒಂದು ಪಾವತಿ ಮಾಡಿ. ಅದು ಸರಿಹೋದಮೇಲೆ ಬಂದ ಬಾಡಿಯನ್ನು ಫೈಲ್‌ನಲ್ಲಿ ಉಳಿಸಿಕೊಂಡು ವೆಬ್ ಸಂದೇಶ ಕಳಿಸುವ ಕರ್ಲ್ ಆದೇಶದಿಂದ ಆಟವಾಡಿ. ಒಂದು ಅಂಕಿ ಬದಲಿಸಿ ಕಳಿಸಿ, 401 ಬರಬೇಕು. ಸಹಿ ಹೆಡರ್ ತೆಗೆದು ಕಳಿಸಿ, ಮತ್ತೆ 401. ಸರಿಯಾದ್ದನ್ನೇ ಎರಡು ಸಲ, ಆಮೇಲೆ ಐಡಿ ಬದಲಿಸಿ ಮೂರನೇ ಸಲ ಕಳಿಸಿ, ಬಿಲ್ ಒಂದೇ ಆಗಿರಬೇಕು. ಡೇಟಾಬೇಸ್ ನಿಲ್ಲಿಸಿ ಕಳಿಸಿ, 500 ಬರಬೇಕು. ನೋಟ್ಸ್‌ನಲ್ಲಿ ಕನ್ನಡ ಹಾಕಿದ ಆರ್ಡರ್ ಒಂದನ್ನು ಮರೆಯಬೇಡಿ.

ಇದೆಲ್ಲ ಮಾಡುವಾಗ ಪೂರ್ತಿ ಬಾಡಿಯನ್ನು ಲಾಗ್‌ಗೆ ಬರೆಯುವ ಸಾಲೊಂದು ಕೋಡ್‌ನಲ್ಲಿ ಉಳಿದುಬಿಡುತ್ತದೆ, ಲೈವ್‌ಗೆ ಹೋಗುವ ಮುನ್ನ ತೆಗೆಯಿರಿ. ಪಾವತಿಯ ಸಂದೇಶದಲ್ಲಿ ಗಿರಾಕಿಯ ಫೋನ್ ನಂಬರ್, ಇಮೇಲ್ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವನ್ನು ಜೋಪಾನ ಮಾಡುವ ಹೊಣೆ ನಿಮ್ಮದು. ಲಾಗ್‌ಗೆ ಘಟನೆಯ ಐಡಿ, ಬಗೆ, ಫಲಿತಾಂಶ ಸಾಕು. ಟೇಬಲ್‌ನಲ್ಲಿಟ್ಟ ಕಚ್ಚಾ ಬಾಡಿಗೂ ಒಂದು ಅವಧಿ ಗೊತ್ತುಮಾಡಿ ಅಳಿಸುತ್ತಿರಿ.

ಹಂತ 7: ಬಾರದೇ ಹೋದದ್ದನ್ನು ಹುಡುಕುವುದು

ಸತತವಾಗಿ ಸೋತರೆ ರೇಜರ್‌ಪೇ 24 ಗಂಟೆ ಪ್ರಯತ್ನಿಸಿ ಆ ವೆಬ್‌ಹುಕ್ಕನ್ನೇ ನಿಷ್ಕ್ರಿಯ ಮಾಡುತ್ತದೆ, ಸರ್ವರ್ ಸರಿಯಾದರೂ ಮುಂದೆ ಏನೂ ಬರುವುದಿಲ್ಲ. ಮೊದಲ ಹಂತದಲ್ಲಿ ಕೊಟ್ಟ ಎಚ್ಚರಿಕೆಯ ಇಮೇಲ್ ಯಾರೂ ತೆರೆಯದ ಡಬ್ಬಿಯಾಗಿರಬಾರದು ಎನ್ನುವುದು ಇದಕ್ಕೇ. ಗಿಟ್‌ಹಬ್ ಸೋತದ್ದನ್ನು ತಾನಾಗಿ ಮತ್ತೆ ಕಳಿಸುವುದೇ ಇಲ್ಲ. ಕಳೆದ 3 ದಿನಗಳದ್ದನ್ನು ನೀವೇ ಸೆಟ್ಟಿಂಗ್ಸ್‌ಗೆ ಹೋಗಿ ಮರುಕಳಿಸಬೇಕು.

ಆದ್ದರಿಂದ ದಿನಕ್ಕೊಮ್ಮೆ ಒಂದು ಕ್ರಾನ್ (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸ) ಓಡಲಿ. ನಿನ್ನೆಯ ಕ್ಯಾಪ್ಚರ್ ಆದ ಪಾವತಿಗಳ ಪಟ್ಟಿಯನ್ನು ಎಪಿಐನಿಂದ ತರಿಸಿ, ನಿಮ್ಮಲ್ಲಿ ‘ಬಾಕಿ’ ಎಂದಿರುವ ಆರ್ಡರ್‌ಗಳ ಜೊತೆ ಹೋಲಿಸಿ, ತಪ್ಪಿದ್ದನ್ನು ಅದೇ ಕ್ಯೂಗೆ ಸೇರಿಸಲಿ. ನಾಲ್ಕನೇ ಹಂತ ಸರಿಯಾಗಿ ಮಾಡಿದ್ದರೆ ಇದನ್ನು ಎಷ್ಟು ಸಲ ಓಡಿಸಿದರೂ ಪುಸ್ತಕ ಎರಡು ಹೋಗುವುದಿಲ್ಲ.

ಸೀಕ್ರೆಟ್ ಬದಲಿಸುವಾಗಲೂ ಇದೇ 24 ಗಂಟೆಯ ಲೆಕ್ಕ ಬರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಹೊಸದನ್ನು ಹಾಕಿದರೂ ಹಳೆಯ ಘಟನೆಗಳ ರಿಟ್ರೈಗಳು ಹಳೇ ಸೀಕ್ರೆಟ್‌ನ ಸಹಿಯಲ್ಲೇ ಬರುತ್ತವೆ. ಮೊದಲು ಕೋಡ್‌ನಲ್ಲಿ ಎರಡೂ ಸೀಕ್ರೆಟ್ ಒಪ್ಪುವಂತೆ ಮಾಡಿ ಡಿಪ್ಲಾಯ್ ಮಾಡಿ, ಆಮೇಲೆ ಡ್ಯಾಶ್‌ಬೋರ್ಡ್‌ನಲ್ಲಿ ಬದಲಿಸಿ, ಒಂದು ದಿನ ಕಳೆದಮೇಲೆ ಹಳೆಯದನ್ನು ಕಿತ್ತುಹಾಕಿ. ಸೀಕ್ರೆಟ್ ಸೋರಿದೆ ಎಂಬ ಗುಮಾನಿ ಇದ್ದರೆ ಮಾತ್ರ ಈ ಸಾವಧಾನ ಬೇಡ: ಹಳೆಯದನ್ನು ಆ ಕ್ಷಣವೇ ತೆಗೆಯಿರಿ, ನಡುವೆ ತಪ್ಪಿಹೋದ ಆರ್ಡರ್‌ಗಳನ್ನು ಕ್ರಾನ್ ಹುಡುಕಿಕೊಡುತ್ತದೆ.